ಇಲ್ಲ ಎನ್ನಲಾರದವನ ಇಂಗ್ಲಿಷ್

ಆಂಧ್ರದ ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟವರು ಬಹಳ ಜನ. ಗಲ್ಲಾದ ಮುಂದೆ ಕೂತ ಹೆಂಗಸರು ಮಾತ್ರ ಬೆರಳೆಣಿಕೆ. ಭ್ರಮರಾಂಬ ಅವರಲ್ಲಿ ಒಬ್ಬಳು. ಅಗಲವಾದ ಹಣೆ, ಹಣೆ ತುಂಬ ವಿಭೂತಿ, ಗಟ್ಟಿ ಗಂಟಲು. ತೆಲುಗಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಬೈದು, ಮತ್ತೆ ತೆಲುಗಿನಲ್ಲಿ ಸಮಾಧಾನ ಹೇಳಿ ಕಳಿಸುವುದು ಅವಳ ರೀತಿ. ಯಾರಾದರೂ ಒದ್ದೆ ಹಣ್ಣು ತಂದರೆ ಮುಲಾಜಿಲ್ಲದೆ "ಬ್ಯಾಡ ಕಣಪ್ಪ, ತಗೊಂಡೋಗು" ಎಂದುಬಿಡುವಳು.

ಗಂಡ ಶಿವಯೋಗಪ್ಪ ಇದಕ್ಕೆ ತದ್ವಿರುದ್ಧ. ಮನೆಗೆ ಬಂದ ಬೈರಾಗಿಗೂ "ಮುಂದೆ ಹೋಗಪ್ಪ" ಎಂದವನಲ್ಲ. ಕಲ್ಯಾಣದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಬಹಳ ವರ್ಷ ಗುಮಾಸ್ತನಾಗಿದ್ದ. ಸಾಹೇಬರ ಹೆಸರಿನಲ್ಲಿ ಹೊರಡುವ ಇಂಗ್ಲಿಷ್ ಆರ್ಡರುಗಳನ್ನೆಲ್ಲ ಬರೆಯುತ್ತಿದ್ದವನು ಅವನೇ. ಕೋಸ್ತಾ ಕಡೆಯಿಂದ, ಅಂದರೆ ಆಂಧ್ರದ ಕರಾವಳಿಯಿಂದ, ಬಂದ ಆಫೀಸರುಗಳು ಅವನ ಡ್ರಾಫ್ಟಿಗೆ ಎರಡನೇ ಸಲ ಕಣ್ಣಾಡಿಸದೆ ಸೈನು ಹಾಕುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಭ್ರಮರಾಂಬ ಹಿಂದೂಪುರಕ್ಕೆ ಬಂದು ಮಂಡಿ ಹಿಡಿದಳು; ರಿಟೈರಾದ ಮೇಲೆ ಅವನೂ ಬಂದು ಮಂಡಿಯ ಮುಂದಿನ ಬೆಂಚು ಹಿಡಿದ. ಮಗ ನಟರಾಜ್ ವ್ಯಾಪಾರದಲ್ಲಿ ತಾಯಿಯ ಬಲಗೈ. ಸೊಸೆ ಹೇಮಾವತಿ ಊರಿನ ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಟೀಚರು. ತುಂಬಿದ ಮನೆ.

ಸಂಜೆಯಾದರೆ ಆ ಬೆಂಚಿಗೆ ಮುನೆಪ್ಪ ಬರುತ್ತಿದ್ದ. ಅವನು ರಿಟೈರಾದ ಕನ್ನಡ ಮೇಷ್ಟ್ರು. ಇಬ್ಬರೂ ಒಂದೇ ಲೋಟದ ಟೀಯನ್ನು ಎರಡು ಮಾಡಿ ಕುಡಿಯುವಷ್ಟು ಗೆಳೆಯರು. ಆದರೆ ಒಂದು ಮಾತಿನಲ್ಲಿ ಮಾತ್ರ ಹಾವು ಮುಂಗುಸಿ. ಸರ್ಕಾರಿ ಸ್ಕೂಲುಗಳೆಲ್ಲ ಇಂಗ್ಲಿಷ್ ಮೀಡಿಯಂ ಆಗಬೇಕೆಂಬ ಗಲಾಟೆ ಆಂಧ್ರದಲ್ಲಿ ಶುರುವಾದ ಮೇಲಂತೂ ಆ ಜಗಳ ಸ್ಕೂಲು ದಾಟಿ ಡೆಲ್ಲಿಗೇ ಹೋಯಿತು. ಇಡೀ ದೇಶಕ್ಕೆ ಇಂಗ್ಲಿಷೊಂದೇ ಆಡಳಿತ ಭಾಷೆಯಾಗಲಿ ಎಂದು ಶಿವಯೋಗಪ್ಪನ ವಾದ.

"ನೋಡು ಮುನೆಪ್ಪ, ತೆಲುಗು ಅಂದ್ರೆ ಈ ರಾಜ್ಯದಾಗೆ ಕನ್ನಡದೋರು ನಾವು ಒಂದು ಮೆಟ್ಲು ಕೆಳಗೆ. ಹಿಂದಿ ಅಂದ್ರೆ ತೆಲುಗಿನೋರ ಜೊತೆಗೆ ಇನ್ನೊಂದು ಮೆಟ್ಲು ಕೆಳಗೆ. ಇಂಗ್ಲಿಷು ಅಂದ್ರೆ ಎಲ್ಲಾರೂ ಒಂದೇ ನೆಲದಾಗೆ ನಿಂತ್ಕೋಬೇಕು. ಅದು ಯಾರಪ್ಪನ ಮನೆ ಭಾಷೇನೂ ಅಲ್ಲ."

"ಯಾರಪ್ಪನ ಮನೇದೂ ಅಲ್ಲ ಅಂದ್ರೆ ಯಾರವ್ವನ ಮನೇದೂ ಅಲ್ಲ ಕಣಯ್ಯ," ಎಂದು ಮುನೆಪ್ಪ ಲೋಟ ಕೆಳಗಿಡುತ್ತಿದ್ದ. "ಅವ್ವನಿಲ್ಲದ ಮನೆಯಾಗೆ ಉಣ್ಣಾಕೆ ಇಕ್ಕೋರು ಯಾರು?"

ಭ್ರಮರಾಂಬ ತಲೆ ಎತ್ತದೆ "ಇಕ್ಕೋಳು ನಾನು, ಇಬ್ರೂ ಎದ್ದು ಕೈ ತೊಳ್ಕಳ್ರಿ" ಎನ್ನುವಳು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಕಾರ್ತಿಕ ಮಾಸದಲ್ಲಿ ಊರಿನ ಕನ್ನಡದವರೆಲ್ಲ ಸೇರಿ ಮಠದ ಪಕ್ಕದ ಹಾಲಿನಲ್ಲಿ ಒಂದು ಸಭೆ ಮಾಡಿದರು. ಇಂಗ್ಲಿಷ್ ದೇಶದ ಆಡಳಿತ ಭಾಷೆಯಾಗಬೇಕೆ ಬೇಡವೆ ಎಂಬುದೇ ಚರ್ಚೆ. ಬೇಡ ಎಂದು ಮುನೆಪ್ಪ ಮಾತಾಡಿ, ಜನರನ್ನು ನಗಿಸಿ, ಅಳಿಸಿ, ಕೂತ. ಆಮೇಲೆ ಶಿವಯೋಗಪ್ಪ ಎದ್ದ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಲಭುಜದ ಮೇಲೆ ಮಡಿಕೆ ಕೆಡದ ಶಲ್ಯ. ಹೆಂಗಸರ ಸಾಲಿನಲ್ಲಿ ಕೂತಿದ್ದ ಭ್ರಮರಾಂಬನಿಗೆ ಒಳಗೊಳಗೇ ಹೆಮ್ಮೆ.

ಒಳ್ಳೆಯ ಕನ್ನಡದಲ್ಲೇ ಶುರು ಮಾಡಿದ. ನಾಲ್ಕು ಮಾತಾಡುವಷ್ಟರಲ್ಲಿ ಒಂದು ಪದಕ್ಕಾಗಿ ತಡವರಿಸಿದ. ಇನ್ನೊಂದಕ್ಕೆ ತಡವರಿಸಿದ. ಆಮೇಲೆ ಒಮ್ಮೆಲೇ ಇಂಗ್ಲಿಷಿಗೆ ಹೊರಳಿದ. ತಡೆಯಿಲ್ಲದ, ಕೋರ್ಟಿನಲ್ಲಿ ಓದಿದಂಥ ಇಂಗ್ಲಿಷು. ಸಭೆ ಒಂದು ಕ್ಷಣ ಬೆಪ್ಪಾಗಿ, ಆಮೇಲೆ ನಕ್ಕಿತು. ಮುನೆಪ್ಪನನ್ನು ಕೆಣಕಲೆಂದೇ ಬೇಕಂತ ಮಾಡುತ್ತಿದ್ದಾನೆ ಎಂದುಕೊಂಡರು ಎಲ್ಲರೂ. ಚಪ್ಪಾಳೆ ಬಿತ್ತು. ಯಾರೋ ಸಿಳ್ಳೆ ಹೊಡೆದರು. "ನೋಡ್ರೋ, ಇಂಗ್ಲಿಷ್ನಾಗೇ ಬೈತಾವ್ನೆ ನನ್ನ!" ಎಂದು ಮುನೆಪ್ಪ ಕಣ್ಣೀರು ಬರುವ ಹಾಗೆ ನಕ್ಕು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಭ್ರಮರಾಂಬ ಮಾತ್ರ ಶಲ್ಯವನ್ನು ನೋಡುತ್ತಿದ್ದಳು. ಅದು ಬಲಭುಜದಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಗಂಡನಿಗೆ ಅದರ ಅರಿವೇ ಇರಲಿಲ್ಲ. ಬಲಗೈ ಯಾರದೋ ಕೈಯ ಹಾಗೆ ಪಕ್ಕದಲ್ಲಿ ನೇತಾಡುತ್ತಿತ್ತು. ಅವಳು ಎದ್ದು, ಗಂಡಸರ ಸಾಲುಗಳ ನಡುವೆ ನುಗ್ಗಿ, ಚಪ್ಪಾಳೆಯ ಸದ್ದಿನೊಳಗೇ ನಡೆದು ವೇದಿಕೆ ಹತ್ತಿದಳು. ಅವಳು ಮುಟ್ಟುವಷ್ಟರಲ್ಲಿ ಅವನು ಮೈಕಿನ ಕಂಬವನ್ನೂ ಎಳೆದುಕೊಂಡು ಕುಸಿದ. ಆಗಲೂ ಹಿಂದಿನ ಸಾಲಿನವರು ತಟ್ಟುತ್ತಲೇ ಇದ್ದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕಾಲು ಅಷ್ಟಿಷ್ಟು ಬಂತು, ಕೈ ಬರಲಿಲ್ಲ. ಮಾತು ಬಂತು, ಕನ್ನಡ ಬರಲಿಲ್ಲ, ತೆಲುಗೂ ಬರಲಿಲ್ಲ. ಮಿದುಳಿನಲ್ಲಿ ರಕ್ತ ಕಟ್ಟಿದಾಗ ಕೆಲವರಿಗೆ ಹೀಗಾಗುವುದುಂಟು, ಒಂದು ಭಾಷೆ ಉಳಿದು ಇನ್ನೊಂದು ಹೋಗುತ್ತದೆ, ಮುಂದೆ ಬಂದರೂ ಬರಬಹುದು ಎಂದರು ಡಾಕ್ಟರು. "ಹುಟ್ಟಿದಾಗಿಂದ ಆಡಿದ್ದು ಹೋಗಿ ಆಫೀಸ್ನಾಗೆ ಕಲ್ತಿದ್ದು ಉಳೀತದಾ ಸಾಮಿ?" ಎಂದು ಭ್ರಮರಾಂಬ ಕೇಳಿದಳು. ಡಾಕ್ಟರು ಹೌದೆಂದು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು.

ಪಡಸಾಲೆಯಲ್ಲಿ, ಬೀದಿ ಬಾಗಿಲಿಗೆ ಎದುರಾಗಿ ಮಂಚ ಹಾಕಿದರು. ಹಿತ್ತಿಲಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಸದ್ದು ದಿನವಿಡೀ ಕೇಳುತ್ತಿತ್ತು. ಆ ಸದ್ದಿನ ಮೇಲೆ ಅವನ ಇಂಗ್ಲಿಷು. ಗಂಟಲು ಅದೇ, ಕೆಮ್ಮು ಅದೇ, ಮಾತಿನ ನಡುವೆ ಮೂಗು ತಿಕ್ಕುವ ಚಾಳಿ ಅದೇ. ಆದರೆ ಒಳಗಿಂದ ಬರುವ ಮಾತು ಯಾವನೋ ಸಾಹೇಬನದು. ಅನ್ನದ ತಟ್ಟೆ ಹಿಡಿದು ಹೋದರೆ "ಮೇಡಂ" ಎನ್ನುವನು. ಅಷ್ಟು ವರ್ಷ ಹೆಂಡತಿಯನ್ನು "ಇವಳೇ" ಎಂದಲ್ಲದೆ ಕರೆದವನಲ್ಲ. ಆ ಒಂದು ಪದ ಬಂದಿದ್ದರೂ ಸಾಕಿತ್ತು ಎಂದು ಅವಳು ದಿನಾ ಕಿವಿಗೊಟ್ಟಳು. ಬರಲಿಲ್ಲ.

"ಕನ್ನಡದಾಗೆ ಹೇಳ್ರೀ. ನನಗೆ ತಿಳಿಯಲ್ಲ," ಎಂದರೆ ಅವನು ಕಣ್ಣು ಕೆಂಪಗೆ ಮಾಡಿ, ಎಡಗೈಯಿಂದ ಹಾಸಿಗೆ ಗುದ್ದಿ, ಅದೇ ಇಂಗ್ಲಿಷನ್ನು ಇನ್ನೂ ಜೋರಾಗಿ ಹೇಳುವನು. ಒಂದು ದಿನ ಹಾಗೆ ಕೂಗಿ ಕೂಗಿ, ಬಿಕ್ಕಿ ಬಿಕ್ಕಿ ಅತ್ತ. ಸ್ಕೂಲಿನಿಂದ ಬಂದ ಹೇಮಾವತಿ ಬ್ಯಾಗು ಕೂಡ ಇಳಿಸದೆ ಕೇಳಿಸಿಕೊಂಡು ನಿಂತಳು.

"ಏನಂತಾರೆ ಹೇಮಾ?"

"ಅತ್ತೆ..." ಸೊಸೆ ಬ್ಯಾಗನ್ನು ನೆಲಕ್ಕಿಟ್ಟಳು. "ಮಾವ ತಾವು ಆಡ್ತಿರೋದು ಕನ್ನಡಾನೇ ಅನ್ಕೊಂಡವ್ರೆ. ಇಷ್ಟು ಹೇಳಿದ್ರೂ ಈಯಮ್ಮಗೆ ಯಾಕೆ ಕೇಳಿಸಲ್ಲ, ಕಿವಿ ಹೋಗೈತಾ ಅಂತ ಕೇಳ್ತಾವ್ರೆ."

ಅವತ್ತಿನಿಂದ ಭ್ರಮರಾಂಬನಿಗೆ ಆ ಪಡಸಾಲೆಯಲ್ಲಿ ಒಬ್ಬಳೇ ಕೂರಲು ದಿಗಿಲಾಗತೊಡಗಿತು. ಗಂಡ ಆಚೆ ದಡದಲ್ಲಿ ನಿಂತು ತನ್ನನ್ನೇ ಕೂಗುತ್ತಿದ್ದಾನೆ, ತಾನು ಕಿವುಡಿಯ ಹಾಗೆ ಈಚೆ ನಿಂತಿದ್ದಾಳೆ ಎನಿಸುವುದು. ಅದಕ್ಕಿಂತ ಹೆಚ್ಚು ಸುಟ್ಟಿದ್ದು ಇನ್ನೊಂದು: ಗಂಡನ ಮಾತಿಗೆ ಈಗ ಸೊಸೆಯೇ ದಾರಿ. ಮಂಚದ ಹತ್ತಿರ ಹೇಮಾವತಿ ಬಗ್ಗಿ ಇಂಗ್ಲಿಷಿನಲ್ಲಿ ಏನೋ ಹೇಳಿ ಅವನು ತಲೆಯಾಡಿಸಿದರೆ, ಭ್ರಮರಾಂಬ ಸೆರಗಿನಲ್ಲಿ ಮುಖ ಒರೆಸಿಕೊಂಡು ಹಿತ್ತಿಲಿಗೆ ಹೋಗುವಳು.

ನೋಡಲು ಬಂದವರಿಗೋ, ಅವನ ಕಾಯಿಲೆಯೂ ಒಂದು ವಾದವೇ ಆಯಿತು. "ಕೊನೆಗೆ ಉಳಿದಿದ್ದು ಯಾವುದು ನೋಡಿ! ಅವರು ಹೇಳಿದ್ದೇ ನಿಜ," ಎಂದರು ಕೆಲವರು. "ತಾಯಿ ಭಾಷೆ ಬ್ಯಾಡ ಅಂದಿದ್ದಕ್ಕೆ ತಾಯೇ ಬುಟ್ಟೋದ್ಲು," ಎಂದರು ಇನ್ನು ಕೆಲವರು. ಭ್ರಮರಾಂಬ ಎರಡೂ ಪಂಗಡದವರಿಗೆ ಟೀ ಕೊಡುವುದನ್ನು ನಿಲ್ಲಿಸಿದಳು. ಮುನೆಪ್ಪ ಮಾತ್ರ ಬಂದು ಸುಮ್ಮನೆ ಮಂಚದ ಕಾಲ ಬಳಿ ಕೂತು ಹೋಗುತ್ತಿದ್ದ. ಚಪ್ಪಾಳೆ ತಟ್ಟಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯದವನ ಹಾಗೆ ತೊಡೆಯ ಕೆಳಗೆ ಅದುಮಿಕೊಂಡು ಕೂರುತ್ತಿದ್ದ.

ಹೀಗಿರುವಾಗ ಶಿವಯೋಗಪ್ಪ ಹೊಸ್ತಿಲು ನೋಡತೊಡಗಿದ.

ದೀಪ ಹಚ್ಚುವ ಹೊತ್ತು. ಭ್ರಮರಾಂಬ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದರೆ ಹಿಂದಿನಿಂದ ಅವನ ದನಿ ಕೇಳಿಸುವುದು. ಕೂಗಾಟವಲ್ಲ, ತಗ್ಗಿದ, ಮುಜುಗರದ ದನಿ. ತಿರುಗಿ ನೋಡಿದರೆ ಅವನ ಕಣ್ಣು ತೆರೆದ ಬಾಗಿಲ ಎಡಮೂಲೆಯಲ್ಲಿ, ಹೊಸ್ತಿಲ ಮೇಲೆ ನೆಟ್ಟಿರುತ್ತಿತ್ತು. ಅಲ್ಲಿ ಯಾರೂ ಇಲ್ಲ. ಬೀದಿಯ ಬೆಳಕು ಮಾತ್ರ. ಮರುದಿನವೂ ಅದೇ ಹೊತ್ತು, ಅದೇ ಮೂಲೆ, ಅದೇ ಮಾತು.

ಹೇಮಾವತಿಯನ್ನು ಕೇಳಿದಳು. ಅವಳು "ಏನೋ ಆಫೀಸಿನ ಮಾತು ಅತ್ತೆ" ಎಂದು ತೇಲಿಸಿದಳು. ಬಿಡದೆ ಗದರಿದ ಮೇಲೆ ಹೇಳಿದಳು: "ಆ ಮುದುಕಿ ಇನ್ನೂ ಕೂತವ್ಳೆ, ಮನೆಗೆ ಹೋಗು ಅಂತ ಯಾರಾದ್ರೂ ಹೇಳಿ ಅಂತಾರೆ."

ಹೋಗುವ ಕಾಲ ಹತ್ತಿರ ಬಂದವರ ಕಣ್ಣಿಗೆ ಕರೆಯಲು ಬಂದವರು ಕಾಣುತ್ತಾರೆ ಎಂದು ಭ್ರಮರಾಂಬನ ತಾಯಿ ಹೇಳುತ್ತಿದ್ದಳು. ಜಂಗಮರನ್ನು ಕರೆಸಿ, ಬಾಗಿಲಿಗೆ ವಿಭೂತಿ ಹಚ್ಚಿಸಿ, ಪಾದೋದಕ ಕುಡಿಸಿದಳು. ಸಂಜೆ ಮತ್ತೆ ಅವನು ಆ ಮೂಲೆಯನ್ನೇ ನೋಡಿದ. ಬಾಗಿಲು ಮುಚ್ಚಿ ನೋಡಿದಳು. ಮುಚ್ಚಿದ ಬಾಗಿಲ ಈಚೆಗೇ ಆ ಮುದುಕಿ ಕೂತಿದ್ದಾಳೆ ಎಂಬಂತೆ ಅವನು ಕಾಲು ಮಡಚಿಕೊಂಡ. ಅವಳು ಓಡಿಹೋಗಿ ಬಾಗಿಲು ತೆಗೆದಳು. ಆಮೇಲೆ ಮನೆಯವರೆಲ್ಲ, ಯಾರೂ ಹೇಳದೆಯೇ, ಹೊಸ್ತಿಲ ಎಡಮೂಲೆ ಬಿಟ್ಟು ಬಲಗಡೆಯಿಂದ ದಾಟತೊಡಗಿದರು.

ಒಂದು ಸಂಜೆ ಅವನು ಹೆಚ್ಚಿಗೆ ಮಾತಾಡಿದ. ಇಂಗ್ಲಿಷಿನ ಆ ಹೊಳೆಯಲ್ಲಿ ಒಂದು ಪದ ಮಾತ್ರ ಕಲ್ಲಿನ ಹಾಗೆ ಅವಳ ಕಾಲಿಗೆ ತಾಗಿತು: ಬೆಳುಗುಪ್ಪ. ಊರಿನ ಹೆಸರು ಯಾವ ಭಾಷೆಯಲ್ಲೂ ಊರಿನ ಹೆಸರೇ.

"ಬೆಳುಗುಪ್ಪ ಅಂದ್ರಲ್ಲ. ಏನದು ಹೇಮಾ?"

"ಅವಳು ಬೆಳುಗುಪ್ಪದಿಂದ ಬಂದವ್ಳೆ, ಬಿಸಿಲಾಗೆ. ಸ್ವಲ್ಪ ಮಜ್ಜಿಗೆ ಕೊಡಿ ಅಂತಾರೆ, ಅತ್ತೆ."

ಆ ಮುದುಕಿ ಯಾರೆಂದು ಭ್ರಮರಾಂಬನಿಗೆ ಗೊತ್ತಾಯಿತು.

ಹಂಪಮ್ಮ. ಕಲ್ಯಾಣದುರ್ಗದ ತಮ್ಮ ಬಾಡಿಗೆ ಮನೆಯ ಹೊಸ್ತಿಲಲ್ಲಿ ಸೆರಗು ಹೊದ್ದು ಕೂರುತ್ತಿದ್ದ ಹೆಂಗಸು. ಗಂಡ ಸತ್ತ ಮೇಲೆ ಅವನ ಹೊಲವನ್ನು ಮೈದುನ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಅದು ತನಗೆ ಬರಬೇಕೆಂದು ಅರ್ಜಿ ಹಾಕಿದ್ದಳು. ಬೆಳಗಿನ ಬಸ್ಸಿಗೆ ಬೆಳುಗುಪ್ಪದಿಂದ ಬಂದು, ಕಚೇರಿಯಲ್ಲಿ ನಿಂತು, ಆಮೇಲೆ ಇವರ ಮನೆಗೆ ಬರುವಳು. ಒಂದು ಹಿಡಿ ಕಡಲೆಕಾಯಿ ಹೊಸ್ತಿಲ ಮೇಲಿಟ್ಟು "ಅಮ್ಮಾ, ಸಾಮಿ ಏನಂದ್ರು?" ಎನ್ನುವಳು. ಕಚೇರಿಯಲ್ಲಿ ಉಳಿದವರೆಲ್ಲ ತೆಲುಗಿನಲ್ಲಿ "ಪೋ, ಪೋ" ಎಂದು ಗದರಿದರೆ, ಶಿವಯೋಗಪ್ಪನೊಬ್ಬ ಕನ್ನಡದಲ್ಲಿ "ಕೂತ್ಕೋ ತಾಯಿ, ಆಯ್ತದೆ" ಎನ್ನುತ್ತಿದ್ದ. ಆ "ಆಯ್ತದೆ"ಯನ್ನು ನಂಬಿಕೊಂಡು ಅವಳು ಬರುತ್ತಲೇ ಇದ್ದಳು. ಇವನು ಹಿತ್ತಿಲ ಬಾಗಿಲಿನಿಂದ ಮನೆಗೆ ಬರುವುದನ್ನು ಕಲಿತ.

ಒಂದು ದಿನ ಭ್ರಮರಾಂಬ ಗಂಡನನ್ನು ತಡೆದು ಕೇಳಿದ್ದಳು: "ನಿಜವಾಗ್ಲೂ ಆಯ್ತದಾ?"

"ಆರ್ಡರು ಯಾವಾಗ್ಲೋ ಆಗೋಯ್ತು ಕಣೇ. ಅರ್ಜಿ ವಜಾ. ನಾನೇ ಬರ್ದೆ. ಮೇಲಿನ ಆಫೀಸಿಗೆ ಅಪೀಲು ಹಾಕೋ ಗಡುವೂ ಮುಗ್ದೋಯ್ತು. ಕಾಗದ ಅವಳ ಕೈಯಾಗೇ ಐತೆ."

"ಮತ್ತೆ ಬಾಯಿ ಬುಟ್ಟು ಹೇಳಬಾರ್ದಾ?"

ಅವನು ಹೊಸ್ತಿಲ ಕಡೆಗೆ ಬೆನ್ನು ಮಾಡಿದ. "ಇಂಗ್ಲಿಷ್ನಾಗೆ ಬರೆದುಬುಟ್ಟೆ. ಅದ್ರಾಗೆ ಮುಖ ಕಾಣ್ಸಲ್ಲ. ಕನ್ನಡದಾಗೆ ಅವಳ ಎದುರಿಗೆ ನಿಂತು ಇಲ್ಲ ಅನ್ನಾಕೆ ನನಗೆ ಬಾಯಿ ಬರಲ್ಲ ಕಣೇ."

ಭ್ರಮರಾಂಬ ಆವತ್ತು ಏನು ಮಾಡಿದಳು? ಲೋಟದಲ್ಲಿ ಮಜ್ಜಿಗೆ ತುಂಬಿಕೊಂಡು ಹೋಗಿ ಹಂಪಮ್ಮನ ಕೈಗೆ ಕೊಟ್ಟಳು. "ಅಮ್ಮಾ, ಸಾಮಿ ಏನಂದ್ರು?" ಎಂದಳು ಅವಳು. "ಕುಡಿಯವ್ವಾ, ಬಿಸ್ಲು ಜಾಸ್ತಿ," ಎಂದಳು ಇವಳು. ಕೆಲವು ತಿಂಗಳಲ್ಲಿ ಮಾವ ತೀರಿಕೊಂಡು, ಹಿಂದೂಪುರ, ಮಂಡಿ, ಮಗನ ಓದು ಎಂದು ಆ ಹೊಸ್ತಿಲೂ ಆ ಹೆಂಗಸೂ ಮನಸ್ಸಿನಿಂದ ಅಳಿಸಿಹೋಗಿದ್ದವು.

ಮರುದಿನ ಬೆಳಿಗ್ಗೆ ಅವಳು ನಟರಾಜನಿಗೆ ಮಂಡಿ ಒಪ್ಪಿಸಿ ಬಸ್ಸು ಹತ್ತಿದಳು. "ಎಲ್ಲಿಗಮ್ಮಾ?" ಎಂದ ಮಗ. "ಕಲ್ಯಾಣದುರ್ಗದ ಕಡೆ. ಸಂಜೆಗೆ ಬತ್ತೀನಿ." ಬಸ್ಸು ಬದಲಿಸಿ ಬದಲಿಸಿ ಬೆಳುಗುಪ್ಪದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಇಷ್ಟು ದೂರ ಆ ಹೆಂಗಸು ಎಷ್ಟು ಸಲ ಬಂದಳೋ ಎಂಬ ಯೋಚನೆ ಅವಳ ಕಾಲನ್ನು ಹಿಡಿದಿಟ್ಟಿತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ವಿಚಾರಿಸಿದಳು. ಹಂಪಮ್ಮ ಸತ್ತು ಬಹಳ ವರ್ಷವಾಯಿತಂತೆ. ಮಗಳು ಪೆದ್ದಕ್ಕ ಇದ್ದಾಳೆ, ಆ ಬೀದಿಯ ಕೊನೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಾಳೆ ಎಂದರು.

ಪೆದ್ದಕ್ಕನಿಗೆ ಐವತ್ತರ ಆಸುಪಾಸು. ಯಾರೋ ರವಿಕೆ ಹೊಲಿಸಲು ಬಂದರೆಂದು ತೆಲುಗಿನಲ್ಲಿ "ರಂಡಮ್ಮಾ, ಕೂಚೋಂಡಿ" ಎಂದು ಒಳಗೆ ಕರೆದು ಕೂರಿಸಿದಳು. ಭ್ರಮರಾಂಬ ಕನ್ನಡದಲ್ಲಿ ತನ್ನ ಗುರುತು ಹೇಳಿದಳು. ಕಲ್ಯಾಣದುರ್ಗದ ಮನೆ, ಗಂಡನ ಕೆಲಸ, ಅವನ ಕಾಯಿಲೆ. ಹೊಸ್ತಿಲ ಮಾತು ಮಾತ್ರ ಹೇಳಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು; ಒಂದು ರೀತಿಯಲ್ಲಿ ಬೈಗುಳ ಬೇಕೆಂದೇ ಬಂದಿದ್ದಳು.

ಪೆದ್ದಕ್ಕ ಮಿಷನ್ನು ನಿಲ್ಲಿಸಿದಳು. "ಮಜ್ಜಿಗೆ ಕೊಡ್ತಿದ್ದ ಅಮ್ಮನಾ ನೀವು?"

ಭ್ರಮರಾಂಬ ಹೌದೆಂದಳು.

"ಅವ್ವ ಸಾಯೋ ತಂಕ ನಿಮ್ಮನ್ನ ನೆನೆಸ್ಕೊಂತಿದ್ಲು ಅಮ್ಮಾ. ಕನ್ನಡದ ಸಾಮಿ ಮಾಡಿಕೊಡ್ತಾರೆ, ಎಲ್ಲಾರೂ ಪೋ ಅಂದ್ರೆ ಅವರೊಬ್ರೇ ಕೂತ್ಕೋ ಅಂದ್ರು ಅಂತಿದ್ಲು. ಕಾಗದ ತಲೆದಿಂಬಿನ ಕೆಳಗಿಟ್ಕೊಂಡು ಮಲಗ್ತಿದ್ಲು."

"ಆ ಕಾಗದ... ಅದ್ರಾಗೆ ಏನೈತೆ ಅಂತ..."

"ಗೊತ್ತು ಅಮ್ಮಾ. ನನ್ನ ಮದುವೆ ಆದ್ಮೇಲೆ ನಮ್ಮನೆಯವರು ಓದಿದ್ರು." ಪೆದ್ದಕ್ಕ ಬಟ್ಟೆಯ ಅಂಚನ್ನು ಬೆರಳಲ್ಲಿ ನೀವುತ್ತ ಕೂತಳು. "ಅವ್ವಗೆ ಹೇಳ್ಲಿಲ್ಲ. ಹೇಳಾಕೆ ಹೋದೆ, ಮುಖ ನೋಡಿ ಬಾಯಿ ಬರ್ಲಿಲ್ಲ. ಆಯ್ತದೆ ಅಂದೆ ನಾನೂ. ನಮ್ಮ ಚಿಕ್ಕಪ್ಪ ಹೊಲ ಮಾರ್ಕೊಂಡು ಹೋದ್ಮೇಲೂ ಅವ್ವ ಬಾಗಿಲಾಗೆ ಕೂತ್ಕೊಂಡು ದಾರಿ ನೋಡೋಳು. ಸಾಯೋ ತಂಕ ಅವಳಿಗೆ ಯಾರೂ ಇಲ್ಲ ಅನ್ಲಿಲ್ಲ ಅಮ್ಮಾ."

ಒಳಗೆ ಪೆದ್ದಕ್ಕನ ಮೊಮ್ಮಗಳು ಇಂಗ್ಲಿಷ್ ಪಾಠವನ್ನು ರಾಗವಾಗಿ ಓದುತ್ತಿದ್ದಳು. ಪೆದ್ದಕ್ಕ ಅತ್ತ ಕತ್ತು ತಿರುಗಿಸಿ ಹೇಳಿದಳು: "ಹರಿತಾ. ಇಂಗ್ಲಿಷ್ ಮೀಡಿಯಮ್ಮಿಗೇ ಹಾಕಿದ್ದೀವಿ. ಕನ್ನಡ ಹೋಯ್ತದೆ ಅಂತಾರೆ ದೊಡ್ಡೋರು. ಹೋಗ್ಲಿ ಬುಡಿ. ಅವ್ವನಂಗೆ ಇವಳು ಕಾಗದ ಹಿಡ್ಕೊಂಡು ಯಾರ ಬಾಗಿಲಾಗೂ ಕೂರಬಾರ್ದು."

ಗಂಡ ಮುನೆಪ್ಪನೊಂದಿಗೆ ಅಷ್ಟು ಸಂಜೆ ವಾದ ಮಾಡಿದನಲ್ಲ, ಈ ಮಾತನ್ನು ಇಬ್ಬರಲ್ಲಿ ಒಬ್ಬರೂ ಆಡಿರಲಿಲ್ಲ. ಹೊರಡುವಾಗ ಪೆದ್ದಕ್ಕ ಬಸ್ಸಿನವರೆಗೂ ಬಂದು, ಕೈಯಲ್ಲಿ ಒಂದು ಪೊಟ್ಟಣ ಕಡಲೆಕಾಯಿ ಇಟ್ಟಳು. ಅದನ್ನು ಬೇಡ ಎನ್ನಲೂ ಆಗಲಿಲ್ಲ, ದಾರಿಯಲ್ಲಿ ತಿನ್ನಲೂ ಆಗಲಿಲ್ಲ.

ಮನೆ ಮುಟ್ಟಿದಾಗ ದೀಪದ ಹೊತ್ತು. ಕಾಲು ತೊಳೆಯುವ ಮೊದಲೇ ಅವಳು ಗಂಡನ ಕಣ್ಣು ನೋಡಿದಳು. ಅದು ಆಗಲೇ ಆ ಮೂಲೆಗೆ ಹೋಗಿತ್ತು. ಹೇಮಾವತಿ ಅಡುಗೆಮನೆಯಲ್ಲಿದ್ದಳು, ನಟರಾಜ್ ಮಂಡಿಯಲ್ಲಿ. ಭ್ರಮರಾಂಬ ಒಂದು ಲೋಟ ಮಜ್ಜಿಗೆ ತಂದು ಹೊಸ್ತಿಲ ಎಡಮೂಲೆಯಲ್ಲಿಟ್ಟು, ಎದುರಿಗೆ ನೆಲದ ಮೇಲೆ ಕೂತಳು. ಬೆನ್ನ ಹಿಂದೆ ಮಂಚ, ಮುಂದೆ ಬರಿ ಹೊಸ್ತಿಲು.

"ಹಂಪಮ್ಮಾ," ಎಂದಳು.

ಮಂಡಿಯಲ್ಲಿ ದಿನಕ್ಕೆ ಹತ್ತು ಜನಕ್ಕೆ ಬೇಡ ಎನ್ನುವ ಬಾಯಿ ಅದು. ಆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಬರಿಯ ಗಾಳಿಗೆ ಹೇಳುವ ಮಾತಿಗೆ ಇಷ್ಟು ಭಾರವೇ ಎಂದುಕೊಂಡಳು. ಆ ಕ್ಷಣದಲ್ಲಿ ಗಂಡ ಯಾಕೆ ಇಂಗ್ಲಿಷಿಗೆ ಓಡಿಹೋಗುತ್ತಿದ್ದ ಎಂಬುದು ಅವಳಿಗೆ ತಿಳಿಯಿತು. ಕ್ಷಮಿಸಲಿಲ್ಲ, ತಿಳಿಯಿತು ಅಷ್ಟೆ.

"ಹಂಪಮ್ಮಾ, ನಿನ್ನ ಅರ್ಜಿ ಆಗ್ಲಿಲ್ಲ ಕಣವ್ವಾ. ಆವತ್ತೇ ಆಗ್ಲಿಲ್ಲ. ಹೊಲ ನಿನಗೆ ಬರಲ್ಲ. ನಮಗೆ ಗೊತ್ತಿತ್ತು, ನಾವು ಹೇಳ್ಲಿಲ್ಲ. ಇವರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ, ನಿನ್ನ ಮಗಳೂ ಹೇಳ್ಲಿಲ್ಲ. ಇಲ್ಲ ಕಣವ್ವಾ. ಇಲ್ಲ. ಕುಡ್ಕೊಂಡು ಮನೆಗೆ ಹೋಗು ತಾಯಿ, ಕತ್ತಲಾಯ್ತದೆ."

ಹಿಂದಿನಿಂದ ಒಂದು ಉಸಿರು ಕೇಳಿಸಿತು. ಅವಳು ತಿರುಗಿದಳು. ಶಿವಯೋಗಪ್ಪನ ಕಣ್ಣು ಹೊಸ್ತಿಲ ಮೂಲೆಯಿಂದ ನಿಧಾನವಾಗಿ ಮೇಲೆದ್ದಿತು, ಮೊಣಕಾಲು ಹಿಡಿದು ಏಳುವವರನ್ನು ನೋಡುವ ಹಾಗೆ. ಆಮೇಲೆ ಬಾಗಿಲಾಚೆಗೆ, ಮೆಟ್ಟಿಲಿಗೆ, ಬೀದಿಗೆ, ಬೀದಿಯ ತಿರುವಿನವರೆಗೆ ಹೋಯಿತು. ಅಲ್ಲಿ ಬಹಳ ಹೊತ್ತು ನಿಂತಿತು. ಭ್ರಮರಾಂಬ ಬೀದಿಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ಅವಳಿಗಿರಲಿಲ್ಲ.

ಕಣ್ಣು ಮರಳಿ ಬಂದು ಅವಳ ಮೇಲೆ ನಿಂತಿತು. ಈಗ ಬರುತ್ತದೆ, ಈಗ "ಇವಳೇ" ಎನ್ನುತ್ತಾನೆ ಎಂದು ಮಂಚದ ಅಂಚು ಹಿಡಿದು ಬಗ್ಗಿದಳು. ಅವನು ಎಡಗೈಯನ್ನು ಹಣೆಗೆ ಮುಟ್ಟಿಸಿ, ಕಚೇರಿಯ ಮರ್ಯಾದೆಯಿಂದ ಹೇಳಿದ:

"ಥ್ಯಾಂಕ್ಯೂ, ಮೇಡಂ."

ಅಷ್ಟು ಇಂಗ್ಲಿಷು ಅವಳಿಗೂ ಬರುತ್ತಿತ್ತು.

ಆಮೇಲೆ ಅವನು ಹೊಸ್ತಿಲು ನೋಡಲಿಲ್ಲ. ಮಾತೂ ಕಡಿಮೆಯಾಯಿತು. ಕೂಗಾಟವಿಲ್ಲ, ಗುದ್ದಾಟವಿಲ್ಲ, ಮುಖ ಗೋಡೆಯ ಕಡೆ. ಮನೆಯವರು ಸಮಾಧಾನವಾಯಿತು ಎಂದರು. ಭ್ರಮರಾಂಬನಿಗೆ ಮಾತ್ರ ಬೇರೊಂದು ಭಯ ಹಿಡಿಯಿತು. ಆ ಮೂಲೆಯಲ್ಲಿ ಕೂತಿದ್ದವಳೊಬ್ಬಳೇ ಅವನ ಮಾತು ಕೇಳುತ್ತಿದ್ದವಳೇನೋ. ಕನ್ನಡದ ಲೋಕದಿಂದ ಅವನ ಹತ್ತಿರ ಬಂದು ಕೂರಲು ದಾರಿ ಗೊತ್ತಿದ್ದವಳು ಅವಳೊಬ್ಬಳೇ ಆಗಿದ್ದರೆ? ಅವಳನ್ನೂ ನಾನೇ ಎಬ್ಬಿಸಿ ಕಳಿಸಿದೆನಲ್ಲ. ಈ ಯೋಚನೆ ಅವಳನ್ನು ಮಂಡಿಯಲ್ಲಿ, ಅಡುಗೆಮನೆಯಲ್ಲಿ, ಪೂಜೆಗೆ ಕೂತಾಗ, ಎಲ್ಲೆಂದರಲ್ಲಿ ಬಂದು ಹಿಡಿಯುತ್ತಿತ್ತು.

ಮಾಘದ ಒಂದು ಬೆಳಗ್ಗೆ ಶಿವಯೋಗಪ್ಪ ಹೋದ. ಅಂಗೈಯಲ್ಲಿ ಲಿಂಗವಿಟ್ಟು ಭ್ರಮರಾಂಬ ಕಿವಿಯಲ್ಲಿ "ಓಂ ನಮಃ ಶಿವಾಯ" ಎಂದಳು. ತುಟಿ ಅಲುಗಿತು. ಅದು ಮಂತ್ರವೋ, ಇಂಗ್ಲಿಷೋ, ಬರಿ ಉಸಿರೋ ಯಾರಿಗೂ ಗೊತ್ತಾಗಲಿಲ್ಲ. ಕೂರಿಸಿ ಮಣ್ಣು ಮಾಡಿದರು.

ಹನ್ನೊಂದನೆಯ ದಿನ ಮುಗಿದ ಮೇಲೆ ಸಭೆಯವರು ಬಂದರು. ಅವನ ಹೆಸರಿನಲ್ಲಿ ಪ್ರತಿ ವರ್ಷ ಚರ್ಚೆ ಇಡುತ್ತೇವೆ, ಅದೇ ವಿಷಯ, ಇಂಗ್ಲಿಷ್ ಬೇಕೋ ಬೇಡವೋ. ಮೊದಲ ಸಲ ನೀವೇ ಬಂದು ದೀಪ ಹಚ್ಚಬೇಕು ಎಂದರು. ಮುನೆಪ್ಪ ಅವರ ಜೊತೆ ಬಂದಿದ್ದರೂ ನೆಲ ನೋಡುತ್ತ ನಿಂತಿದ್ದ.

"ನೀವು ಮಾಡ್ಕಳ್ರಪ್ಪ. ನಾನು ಬರಲ್ಲ," ಎಂದಳು ಭ್ರಮರಾಂಬ. ಅವರು ಹೋದ ಮೇಲೂ ಮುನೆಪ್ಪ ನಿಂತೇ ಇದ್ದ. "ನಾನೂ ಹೋಗಲ್ಲ ಕಣಮ್ಮ. ಆ ಸಭೆ ಹಾಲಿನೊಳಕ್ಕೆ ಕಾಲಿಡಾಕೆ ನನ್ನ ಕೈಲಿ ಆಗಲ್ಲ," ಎಂದು ಹೇಳಿ ಹೊರಟ.

ಅವತ್ತು ಸಂಜೆ ಸೊಸೆ ಮಕ್ಕಳ ಪೇಪರು ತಿದ್ದುತ್ತ ಪಡಸಾಲೆಯಲ್ಲಿ ಕೂತಿದ್ದಳು. ಮಂಚ ತೆಗೆದ ಜಾಗ ಬೋಳಾಗಿತ್ತು. ಭ್ರಮರಾಂಬ ಅವಳ ಪಕ್ಕ ಬಂದು ಕೂತಳು. ಬಹಳ ದಿನದಿಂದ ಗಂಟಲಲ್ಲಿದ್ದ ಮಾತನ್ನು ಕೇಳಿದಳು.

"ಹೇಮಾ, ಅಷ್ಟು ತಿಂಗಳು ನೀನೇ ಕೇಳ್ದೋಳು. ಅವರು ಒಂದು ಸಲನಾದ್ರೂ ನನ್ನ ಬಗ್ಗೆ ಏನಾದ್ರೂ ಅಂದ್ರಾ? ಇವಳು ನನ್ನ ಹೆಂಡ್ತಿ ಅಂತ, ಆ ಗುರುತು ಹಿಡ್ದಂಗೆ ಏನಾದ್ರೂ?"

ಹೇಮಾವತಿಯ ಕೆಂಪು ಪೆನ್ನು ನಿಂತಿತು. ಅವಳು ಅತ್ತೆಯ ಮುಖ ನೋಡಿದಳು, ನೆಲ ನೋಡಿದಳು, ಮತ್ತೆ ಮುಖ ನೋಡಿದಳು.

"ಇಲ್ಲ ಅತ್ತೆ," ಎಂದಳು. "ಆಸ್ಪತ್ರೆಯಿಂದ ಬಂದ ಹೊಸದ್ರಲ್ಲಿ ಕೇಳಿದ್ರಲ್ಲ, ಕಿವಿ ಹೋಗೈತಾ ಅಂತ. ಅದೂ ಈಯಮ್ಮ ಅಂದ್ರೇ ಹೊರ್ತು ಹೆಂಡ್ತಿ ಅನ್ಲಿಲ್ಲ. ಆಮೇಲೆ ಏನೂ ಅನ್ಲಿಲ್ಲ."

ಭ್ರಮರಾಂಬ ತಲೆಯಾಡಿಸಿದಳು. ಕಣ್ಣು ತುಂಬಿದವು, ಹರಿಯಲಿಲ್ಲ. ಸೊಸೆ ಪೇಪರುಗಳನ್ನು ಬದಿಗೆ ಸರಿಸಿ ಅತ್ತೆಯ ಕೈ ಹಿಡಿದುಕೊಂಡಳು. ಹಿತ್ತಿಲಲ್ಲಿ ಹೆಂಗಸರು ಕೆಲಸ ಮುಗಿಸಿ, ಕೈಗಂಟಿದ ಹುಣಸೆಯನ್ನು ತೊಳೆದುಕೊಳ್ಳುತ್ತ, ತೆಲುಗು ಕನ್ನಡ ಕಲಸಿ ಏನೋ ಮಾತಾಡಿಕೊಂಡು ನಗುತ್ತಿದ್ದರು. ಅತ್ತೆ ಸೊಸೆ ಇಬ್ಬರೂ ದೀಪ ಹಚ್ಚಲು ಏಳಲಿಲ್ಲ.